ಕಂಬದ ತುದಿ ನೋಡುವ ಮುಂಚೆ

"ಹನ್ನೊಂದು ಮಿಸ್" ಅಂದಳು ನಾಲ್ಕನೇ ತರಗತಿಯ ಹುಡುಗಿ. ಸರಿಯುತ್ತರ ಹನ್ನೆರಡು.

ಬೋರ್ಡಿನ ಮೇಲೆ ಸ್ತಂಭಾಲೇಖ ಬರೆದಿದ್ದೆ. ಮಕ್ಕಳು ಬೆಳಿಗ್ಗೆ ಶಾಲೆಗೆ ಹೇಗೆ ಬರುತ್ತಾರೆ ಅನ್ನೋ ಲೆಕ್ಕ. ನಡೆದು, ಸೈಕಲ್ಲು, ಬಸ್ಸು, ಬೈಕು ಅಂತ ನಾಲ್ಕು ಕಂಬ. ಎಡಗಡೆಯ ಗೆರೆಯಲ್ಲಿ 0, 10, 20 ಅಂತ ಮಾತ್ರ ಬರೆದಿದ್ದೆ, ನಡುವೆ ಐದೈದು ಮನೆ. ಸೈಕಲ್ಲಿನ ಕಂಬ 10 ದಾಟಿ ಒಂದು ಮನೆ ಮೇಲೆ ಹೋಗಿತ್ತು. ಹತ್ತಾದ ಮೇಲೆ ಹನ್ನೊಂದು ತಾನೇ?

ತಪ್ಪು ಅಂತ ಹೇಳಲಿಲ್ಲ. "ಹಂಗೇ ಎಣಿಸ್ಕೊಂಡು ಮೇಲಕ್ಕೆ ಹೋಗು ಮಗ" ಅಂದೆ. ಹನ್ನೊಂದು, ಹನ್ನೆರಡು, ಹದಿಮೂರು... ಹದಿನೈದು ಅನ್ನುವಷ್ಟರಲ್ಲಿ ಬೆರಳು 20ರ ಮೇಲೆ ಬಂದು ನಿಂತಿತು. ಬೋರ್ಡ್ ನೋಡಿದಳು, ನನ್ನ ಮುಖ ನೋಡಿದಳು. "ಒಂದ್ ಮನೆಗೆ ಎರಡಾ ಮಿಸ್?"

ಪುಸ್ತಕದಲ್ಲಿ ಇದನ್ನೇ 'ಪ್ರಮಾಣ' ಅಂತ ಮೂಲೆಯಲ್ಲಿ ಸಣ್ಣಗೆ ಬರೆದಿರುತ್ತಾರೆ. ಮಕ್ಕಳ ಕಣ್ಣು ಅಲ್ಲಿಗೆ ಹೋಗುವುದೇ ಇಲ್ಲ, ನೇರ ಕಂಬಕ್ಕೆ ಹೋಗುತ್ತದೆ. ಅದಕ್ಕೇ ನಾನೀಗ ಕಂಬಗಳ ಮೇಲೆ ಹಳೇ ಪೇಪರ್ ಮುಚ್ಚಿಬಿಡುತ್ತೇನೆ. ತಲೆಬರಹ ಏನು, ಕೆಳಗೆ ಯಾವ ಹೆಸರುಗಳಿವೆ, ಒಂದು ಮನೆ ಅಂದರೆ ಎಷ್ಟು, ಇಷ್ಟು ಹೇಳಿದ ಮೇಲೇ ಪೇಪರ್ ತೆಗೆಯೋದು.

ಇನ್ನೊಂದು ಕಡೆ ಮಕ್ಕಳು ಎಡವುತ್ತಾರೆ. ಸೈಕಲ್ಲಿಗೆ 12, ಬಸ್ಸಿಗೆ 6 ಇದೆ. ಬಸ್ಸಿಗಿಂತ ಸೈಕಲ್ಲಿನವರು ಎಷ್ಟು ಜಾಸ್ತಿ ಅಂತ ಕೇಳಿದರೆ ಅರ್ಧ ಕ್ಲಾಸು "ಹನ್ನೆರಡು" ಅನ್ನುತ್ತದೆ. 'ಜಾಸ್ತಿ' ಕಿವಿಗೆ ಬಿದ್ದ ಕೂಡಲೇ ಉದ್ದದ ಕಂಬ ಓದಿಬಿಡುತ್ತಾರೆ. ಕಳೆಯುವ ಲೆಕ್ಕ ಅಂತ ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ. ಗಿಡ್ಡ ಕಂಬದ ತಲೆ ಮೇಲೆ ಸ್ಕೇಲನ್ನು ಅಡ್ಡ ಇಟ್ಟು, ಅದರಿಂದ ಮೇಲೆ ಉಳಿದ ಮನೆಗಳನ್ನು ಮಾತ್ರ ಎಣಿಸು ಅನ್ನಬೇಕು. ಮೂರು ಮನೆ, ಆರು ಮಕ್ಕಳು.

ಕೋಷ್ಟಕದ ವಿಷಯದಲ್ಲಿ ನಮ್ಮ ಮಂಡ್ಯದ ಹಳ್ಳಿ ಮಕ್ಕಳನ್ನು ಯಾರೂ ದಡ್ಡರು ಅನ್ನಬೇಡಿ. ಪುಸ್ತಕದ ಕೋಷ್ಟಕ ಕೊಟ್ಟರೆ ಪಿಳಿಪಿಳಿ ನೋಡುತ್ತಿದ್ದ ಹುಡುಗನೊಬ್ಬನಿಗೆ ಮನೆಯಿಂದ ಹಾಲಿನ ಡೈರಿ ಪುಸ್ತಕ ತರಲು ಹೇಳಿದೆ. ದಿನಾಂಕ, ಬೆಳಿಗ್ಗೆ, ಸಂಜೆ, ಲೀಟರು, ಫ್ಯಾಟು ಎಲ್ಲವೂ ಅದರಲ್ಲಿದೆ. "ಮಂಗಳವಾರ ಸಾಯಂಕಾಲ ಹಾಲು ಕಮ್ಮಿ ಮಿಸ್, ಅವತ್ತು ಕರ ಬಿಚ್ಕೊಂಡು ಕುಡಿದ್ಬಿಟ್ಟಿತ್ತು" ಅಂದ. ಒಂದು ಬೆರಳು ಪಕ್ಕದಿಂದ, ಇನ್ನೊಂದು ಮೇಲಿನಿಂದ, ಎರಡೂ ಸೇರಿದ ಕಡೆ ಉತ್ತರ. ಅವನಿಗೆ ಅದು ಮೊದಲೇ ಗೊತ್ತಿತ್ತು. ಅದಕ್ಕೆ ಕೋಷ್ಟಕ ಅನ್ನುತ್ತಾರೆ ಅಂತ ಮಾತ್ರ ಗೊತ್ತಿರಲಿಲ್ಲ.

ಐದನೇ ತರಗತಿಗೆ ಬಂದರೆ ಕನ್ನಂಬಾಡಿ ಕಟ್ಟೆಯ ಲೆಕ್ಕ ಹಿಡಿಯುತ್ತೇನೆ. ಮಳೆಗಾಲದಲ್ಲಿ ಪೇಪರಿನಲ್ಲಿ ಬರುತ್ತಲ್ಲ, ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ, ಒಳಹರಿವು, ಹೊರಹರಿವು, ಸಂಗ್ರಹ, ಅದೇ. ಇದಕ್ಕಿಂತ ಒಳ್ಳೆ ಕೋಷ್ಟಕ ಇನ್ನೆಲ್ಲಿ ಸಿಗಬೇಕು? ಮೊದಲು ಒಂದು ಎಚ್ಚರಿಕೆ: ಒಂದು ಸಾಲು ಅಡಿಯಲ್ಲಿದೆ, ಇನ್ನೊಂದು ಕ್ಯುಸೆಕ್‌ನಲ್ಲಿ, ಮತ್ತೊಂದು ಟಿಎಂಸಿಯಲ್ಲಿ. ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಇವನ್ನೆಲ್ಲ ಒಂದೇ ಗ್ರಾಫಿನಲ್ಲಿ ಅಕ್ಕಪಕ್ಕ ನಿಲ್ಲಿಸಿದರೆ ರಾಗಿ ಸೇರನ್ನೂ ಸೀರೆ ಉದ್ದವನ್ನೂ ಹೋಲಿಸಿದ ಹಾಗೆ.

ಆಮೇಲೆ ಎರಡು ಕಂಬ ಬರೆಸುತ್ತೇನೆ, 100 ಅಡಿ ಮತ್ತು 120 ಅಡಿ. ಕೆಳಗಿನ ಗೆರೆ ಸೊನ್ನೆಯಿಂದ ಶುರುವಾದರೆ ಎರಡೂ ಹೆಚ್ಚುಕಮ್ಮಿ ಸಮ ಕಾಣುತ್ತವೆ. ಅದನ್ನೇ 90ರಿಂದ ಶುರು ಮಾಡಿ ನೋಡಿ. ಒಂದು ಇನ್ನೊಂದರ ಮೂರರಷ್ಟು ಎದ್ದು ನಿಲ್ಲುತ್ತದೆ! ಟಿವಿಯಲ್ಲಿ ಬರುವ ಎಷ್ಟೋ ಗ್ರಾಫುಗಳು ಹೀಗೇ ಬುಡ ಕತ್ತರಿಸಿಕೊಂಡು ಬರುತ್ತವೆ. ದೊಡ್ಡವರೇ ಮೋಸ ಹೋಗುತ್ತಾರೆ.

ಇಲ್ಲಿಗೆ ನಿಲ್ಲಿಸಿದರೂ ಆಗುತ್ತಿತ್ತು. ಆದರೆ ಹುಡುಗಿಯೊಬ್ಬಳು ಕೇಳಿದಳು, "ನೂರು ಅಡಿ ಅಂದ್ರೆ ಕಟ್ಟೆ ಮುಕ್ಕಾಲು ತುಂಬ್ತು ಅಂತಾನಾ ಮಿಸ್?" ಅಡಿಯ ಕಂಬ ನೋಡಿದರೆ ಹಾಗೇ ಅನಿಸುತ್ತದೆ. ಆದರೆ ಕಟ್ಟೆ ತುಂಬಿದಾಗ ಇರುವುದು 49.45 ಟಿಎಂಸಿ, ನೂರು ಅಡಿಯಲ್ಲಿ ಅದರ ಅರ್ಧವೂ ಇರುವುದಿಲ್ಲ. ಜಲಾಶಯ ಬಾಣಲೆ ಥರ, ತಳ ಕಿರಿದು, ಮೇಲಮೇಲಕ್ಕೆ ಅಗಲ. ಮೇಲಿನ ಒಂದೊಂದು ಅಡಿಗೂ ತಳದ ಅಡಿಗಿಂತ ತುಂಬಾ ಜಾಸ್ತಿ ನೀರು ಹಿಡಿಯುತ್ತದೆ. ಹಾಗಾಗಿ ಅಡಿಗೊಂದು ಗ್ರಾಫು, ಟಿಎಂಸಿಗೊಂದು ಗ್ರಾಫು, ಎರಡನ್ನೂ ಬರೆದು ಮನೆಯಲ್ಲಿ ತೋರಿಸಿ ಅಂದೆ.

ಮಾರನೇ ದಿನ ಅವಳೇ ಬಂದು ಹೇಳಿದಳು. ಅವರಪ್ಪನದು ಈ ಕಟ್ಟೆಯ ನೀರು ಹರಿಯುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲಲ್ಲಿ ಗದ್ದೆ. "ಅಡೀದು ನೋಡಿ ಚೆನ್ನಾಗಿದೆ ಅಂದ್ರು ಮಿಸ್. ಟಿಎಂಸೀದು ನೋಡಿ ಏನೂ ಮಾತಾಡ್ಲಿಲ್ಲ."