ಎಸ್‌ಡಬ್ಲ್ಯೂಆರ್ ಕಡಿಮೆ ಇದ್ದರೆ ಹಳೇ ಕೇಬಲ್ ಚೆನ್ನಾಗಿದೆ ಅಂತಾನಾ?

ಪ್ರಶ್ನೆ: ಹ್ಯಾಮ್ ರೇಡಿಯೋಗೆ ಹಳೇ ಕೋಆಕ್ಸ್ ಕೇಬಲ್ (ರೇಡಿಯೋದಿಂದ ಆಂಟೆನಾಗೆ ಹೋಗುವ ಕೇಬಲ್) ಸಿಕ್ಕಿದೆ, 30 ಮೀಟರ್ ಇದೆ. ಮಲ್ಟಿಮೀಟರ್‌ನಲ್ಲಿ ಕಂಟಿನ್ಯೂಟಿ ಇದೆ, ಆಂಟೆನಾ ಹಾಕಿ ನೋಡಿದರೆ ಎಸ್‌ಡಬ್ಲ್ಯೂಆರ್ 1.2. ಬಳಸಬಹುದಾ?

ಇದನ್ನು ಎಷ್ಟು ಸಲ ಹೇಳಿದ್ದೇನೋ, ಇನ್ನೊಮ್ಮೆ ಹೇಳುತ್ತೇನೆ. ಎಸ್‌ಡಬ್ಲ್ಯೂಆರ್ ಅಂದರೆ ಕಳಿಸಿದ ಪವರ್‌ನಲ್ಲಿ ಎಷ್ಟು ವಾಪಸ್ ಬರುತ್ತಿದೆ ಅನ್ನೋದರ ಅಳತೆ, 1 ಅಂದರೆ ಏನೂ ವಾಪಸ್ ಇಲ್ಲ. ಆದರೆ ಆ 1.2 ನೋಡಿ ಕೇಬಲ್ ಚೆನ್ನಾಗಿದೆ ಅನ್ನೋ ಹಾಗಿಲ್ಲ. ಕೇಬಲ್ ಕೆಟ್ಟಷ್ಟೂ ರೇಡಿಯೋ ಹತ್ತಿರದ ಮೀಟರ್ ಒಳ್ಳೆಯ ಸಂಖ್ಯೆಯನ್ನೇ ತೋರಿಸುತ್ತದೆ.

ಯಾಕೆ ಅಂದರೆ, ಪವರ್ ಮೇಲೆ ಹೋಗುವಾಗ ಕೇಬಲ್ ಒಂದಷ್ಟು ನುಂಗುತ್ತದೆ, ಆಂಟೆನಾದಿಂದ ವಾಪಸ್ ಬರುವಾಗ ಮತ್ತೆ ಅಷ್ಟೇ ಪಾಲು ನುಂಗುತ್ತದೆ. ಮೀಟರಿಗೆ ಕಾಣುವುದು ಉಳಿದು ಬಂದ ಚೂರು ಮಾತ್ರ. 10 ಡಿಬಿ ನಷ್ಟ ಇರುವ, ಅಂದರೆ ಹತ್ತರಲ್ಲಿ ಒಂದು ಪಾಲು ಮಾತ್ರ ದಾಟಿಸುವ ಕೇಬಲ್ ಹಿಡಿಯಿರಿ. 50 ವ್ಯಾಟ್ ಕೊಟ್ಟರೆ ಮೇಲೆ ತಲುಪುವುದು 5 ವ್ಯಾಟ್. ಆಂಟೆನಾ ಕಳಚಿ ಬಿದ್ದು ತುದಿ ಪೂರ್ತಿ ಖಾಲಿ ಇದ್ದರೂ ಕೆಳಗೆ ಎಸ್‌ಡಬ್ಲ್ಯೂಆರ್ ಸುಮಾರು 1.2! ನಿಮಗೆ ಬಂದ ಸಂಖ್ಯೆಯೂ ಅದೇ ಅಲ್ವಾ? ಕಂಟಿನ್ಯೂಟಿ ವಿಷಯವೂ ಅಷ್ಟೇ. ಅದು ತಂತಿ ತುಂಡಾಗಿಲ್ಲ ಅಂತ ಹೇಳುತ್ತದೆ, 2 ಮೀಟರ್ ಬ್ಯಾಂಡಿನ 145 ಮೆಗಾಹರ್ಟ್ಜ್‌ನಲ್ಲಿ ಎಷ್ಟು ನಷ್ಟ ಅಂತ ಹೇಳುವುದಿಲ್ಲ.

ಹಾಗಾದರೆ ಪರೀಕ್ಷೆ ಹೇಗೆ? ಆಂಟೆನಾ ಬಿಚ್ಚಿ, ಆ ತುದಿಯನ್ನು ಖಾಲಿ ಬಿಡಿ. ಈ ತುದಿಗೆ ನ್ಯಾನೋವಿಎನ್‌ಎ (ಕೈಲಿ ಹಿಡಿಯುವ ಅಳತೆ ಉಪಕರಣ) ಅಥವಾ ಆಂಟೆನಾ ಅನಲೈಸರ್ ಹಾಕಿ ರಿಟರ್ನ್ ಲಾಸ್, ಅಂದರೆ ವಾಪಸ್ ಬಂದದ್ದು ಕಳಿಸಿದ್ದಕ್ಕಿಂತ ಎಷ್ಟು ಡಿಬಿ ಕಡಿಮೆ ಅಂತ ನೋಡಿ. (ರೇಡಿಯೋದಿಂದ ಪವರ್ ಕೊಟ್ಟು ಹೀಗೆ ಮಾಡಬೇಡಿ, ಫೈನಲ್ಸ್, ಅಂದರೆ ರೇಡಿಯೋದ ಕೊನೆಯ ಹಂತದ ಪವರ್ ಟ್ರಾನ್ಸಿಸ್ಟರ್‌ಗಳು, ಹೋಗಬಹುದು.) ಬಂದ ಸಂಖ್ಯೆಯ ಅರ್ಧವೇ ಒಂದು ಕಡೆಯ ನಷ್ಟ. ಇಲ್ಲಿ ಎಸ್‌ಡಬ್ಲ್ಯೂಆರ್ ಜಾಸ್ತಿ ಬಂದಷ್ಟೂ ಕೇಬಲ್ ಒಳ್ಳೆಯದು. ದಪ್ಪ ಆರ್‌ಜಿ-213 ಕೇಬಲ್ ಆದರೆ 20 ಮೀಟರಿಗೆ ಈ ಬ್ಯಾಂಡಿನಲ್ಲಿ ಎಸ್‌ಡಬ್ಲ್ಯೂಆರ್ 5ರ ಹತ್ತಿರ ಬರಬೇಕು. ನಿಮ್ಮದು ಸಣ್ಣ ಆರ್‌ಜಿ-58 ಆಗಿದ್ದರೆ, ಹೊಸದರಲ್ಲೇ 30 ಮೀಟರಿಗೆ ಸುಮಾರು 6 ಡಿಬಿ ನಷ್ಟ. ಅಂದರೆ ಮುಕ್ಕಾಲು ಪಾಲು ಪವರ್ ದಾರಿಯಲ್ಲೇ ಹೋಯಿತು. ಅಂಥದ್ದನ್ನು 40 ಮೀಟರ್ ಬ್ಯಾಂಡಿಗೆ (7 ಮೆಗಾಹರ್ಟ್ಜ್) ಇಟ್ಟುಕೊಳ್ಳಿ, ಅಲ್ಲಿ ನಷ್ಟ ತುಂಬಾ ಕಡಿಮೆ.

ಮೀಟರ್ ಇಲ್ಲದಿದ್ದರೆ ತುದಿಯಿಂದ ಒಂದಡಿ ಮೇಲಿನ ಸಿಪ್ಪೆ ಸುಲಿದು ನೋಡಿ. ಸಿಪ್ಪೆಯ ಕೆಳಗಿನ ತಂತಿ ಹೆಣಿಗೆಯ ತಾಮ್ರ ಹೊಳೆಯುತ್ತಿರಬೇಕು. ಕಪ್ಪಾಗಿ, ಹಸಿರು ಪುಡಿ ಕಟ್ಟಿದ್ದರೆ ನೀರು ಒಳಗೆ ಹೋಗಿದೆ ಅಂತ ಅರ್ಥ. ನಮ್ಮ ಮಳೆಗಾಲದಲ್ಲಿ ಟೇಪ್ ಸುತ್ತದ ಪಿಎಲ್-259 ಕನೆಕ್ಟರ್ ಮೂಲಕ ನೀರು ಹೆಣಿಗೆಯೊಳಗೆ ಹೀರಿಕೊಂಡು ಮೀಟರುಗಟ್ಟಲೆ ಹೋಗುತ್ತದೆ. ಬಿಸಿಲಿಗೆ ಹಾಕಿ ಒಣಗಿಸಿದರೂ ತಾಮ್ರ ಮೊದಲಿನ ಹಾಗೆ ಆಗುವುದಿಲ್ಲ. ಒಳ್ಳೆಯ ತಾಮ್ರ ಕಾಣುವ ತನಕ ಕತ್ತರಿಸುತ್ತಾ ಹೋಗಿ, ಉಳಿದದ್ದನ್ನು ಅಳೆಯಿರಿ.

ಹಾಗೇ ಇನ್ನೊಂದು ಮಾತು. ತಾರಸಿ ಮೇಲೆ ಸುಮ್ನೆ ಬಿದ್ದಿರುವ ಡಿಶ್ ಕೇಬಲ್, ಅಂದರೆ ಆರ್‌ಜಿ-6, 75 ಓಮ್, ರೇಡಿಯೋಗೆ ಬೇಕಾದ 50 ಓಮ್ ಅಲ್ಲ ಅಂತ ಎಲ್ಲರೂ ದೂರ ಇಡುತ್ತಾರೆ. ಚೆನ್ನಾಗಿರುವ ಆರ್‌ಜಿ-6ರ ನಷ್ಟ 2 ಮೀಟರ್ ಬ್ಯಾಂಡಿನಲ್ಲಿ ಆರ್‌ಜಿ-58ರ ಅರ್ಧಕ್ಕಿಂತ ಕಡಿಮೆ. ಓಮ್ ವ್ಯತ್ಯಾಸದಿಂದ ಎಸ್‌ಡಬ್ಲ್ಯೂಆರ್ ಸ್ವಲ್ಪ ಏರುತ್ತದೆ, ಕೇಬಲಿನ ಉದ್ದ ಹೊಂದಿಸಿಕೊಂಡರೆ ತೊಂದರೆ ಇಲ್ಲ. ಅದರ ಹೆಣಿಗೆ ಸಾಮಾನ್ಯವಾಗಿ ಅಲ್ಯೂಮಿನಿಯಂ, ಬೆಸುಗೆ ಹಿಡಿಯುವುದಿಲ್ಲ. ಎಫ್ ಕನೆಕ್ಟರನ್ನೇ ಕ್ರಿಂಪ್ ಮಾಡಿ, ಅಡಾಪ್ಟರ್ ಹಾಕಿಕೊಳ್ಳಿ.