ನಿಜವಾದ ಮದುವೆ, ಅನುಮಾನದ ಕಣ್ಣು: ಬ್ರಿಟನ್ನಿನ ಸ್ಪೌಸ್ ವೀಸಾ ನಡೆದು ಬಂದ ದಾರಿ

1980ರ ದಶಕದ ಮಧ್ಯಭಾಗದಲ್ಲಿ ಬ್ರಿಟನ್ನಿನ ಹುಡುಗಿಯನ್ನು ಮದುವೆಯಾದ ಭಾರತದ ಹುಡುಗ ವೀಸಾಕ್ಕೆ ಅರ್ಜಿ ಹಾಕಿದರೆ, ಅಧಿಕಾರಿ ಮೊದಲು ನೋಡುತ್ತಿದ್ದುದು ಮದುವೆ ನಿಜವೋ ಸುಳ್ಳೋ ಎಂಬುದನ್ನಷ್ಟೇ ಅಲ್ಲ. ಮದುವೆಯಾದ ಮುಖ್ಯ ಉದ್ದೇಶ ಬ್ರಿಟನ್ನಿಗೆ ಹೋಗುವುದಲ್ಲ ಎಂದು ಹುಡುಗನೇ ರುಜುವಾತು ಮಾಡಬೇಕಿತ್ತು. ಗಂಡ ಹೆಂಡತಿ ಜೀವನಪೂರ್ತಿ ಒಟ್ಟಿಗೆ ಬಾಳಲು ಹೊರಟವರೆಂದು ಅಧಿಕಾರಿಯೇ ಒಪ್ಪಿಕೊಂಡ ಮೇಲೂ ವೀಸಾ ನಿರಾಕರಿಸಬಹುದಿತ್ತು. 'ಪ್ರೈಮರಿ ಪರ್ಪಸ್' ನಿಯಮ ಎಂದು ಹೆಸರಾದ ಈ ಪರೀಕ್ಷೆ 1980ರಿಂದ 1997ರವರೆಗೆ ಜಾರಿಯಲ್ಲಿತ್ತು. ಗಂಡನನ್ನೋ ಹೆಂಡತಿಯನ್ನೋ ಸೇರಿಕೊಳ್ಳಲು ಹಾಕುವ ಇವತ್ತಿನ ಸ್ಪೌಸ್ ವೀಸಾ ಅರ್ಜಿಯಲ್ಲಿ ಇಷ್ಟೊಂದು ದಾಖಲೆ ಏಕೆ ಕೇಳುತ್ತಾರೆ ಎಂಬುದು ಅರ್ಥವಾಗಬೇಕಾದರೆ ಅಲ್ಲಿಂದಲೇ ನೋಡಬೇಕು.

ಅನುಮಾನ ಶುರುವಾದದ್ದು ಅದಕ್ಕೂ ಮುಂಚೆ. 1969ರ ಜನವರಿಯಲ್ಲಿ ಗೃಹ ಸಚಿವ ಜೇಮ್ಸ್ ಕ್ಯಾಲಹನ್, ಬ್ರಿಟನ್ನಿನಲ್ಲಿ ನೆಲೆಸಿದ ಹೆಂಗಸರು ಕಾಮನ್‌ವೆಲ್ತ್ ದೇಶಗಳಿಂದ ಗಂಡನನ್ನು ಕರೆಸಿಕೊಳ್ಳುವುದಕ್ಕೆ ತಡೆ ಹಾಕಿದರು. ಗಂಡಸರು ಹೆಂಡತಿಯನ್ನು ಕರೆಸಿಕೊಳ್ಳಲು ಅಂಥ ತಡೆಯಿರಲಿಲ್ಲ. 1974ರಲ್ಲಿ ರಾಯ್ ಜೆಂಕಿನ್ಸ್ ಅದನ್ನು ತೆಗೆದರು. 1977ರಲ್ಲಿ ವೀಸಾಕ್ಕಾಗಿಯೇ ಮಾಡಿಕೊಂಡ ಮದುವೆಗಳನ್ನು ತಡೆಯುವ ಹೆಸರಿನಲ್ಲಿ ಹೊಸ ನಿಯಮ ಬಂತು.

ಈ ಅನುಮಾನ ಎಷ್ಟು ಕ್ರೂರವಾಗಬಲ್ಲದು ಎಂಬುದು ಹೊರಬಿದ್ದದ್ದು 1979ರ ಆರಂಭದಲ್ಲಿ. ಹೀಥ್ರೂ ವಿಮಾನ ನಿಲ್ದಾಣದಲ್ಲಿ ಇಳಿದ 35 ವರ್ಷದ ಭಾರತೀಯ ಶಿಕ್ಷಕಿಯೊಬ್ಬರನ್ನು ಕನ್ಯತ್ವ ಪರೀಕ್ಷೆಗೆ ಒಳಪಡಿಸಲಾಯಿತು. ಅವರು ಮದುವೆಯಾಗಲು ಬಂದವರು. ಮದುವೆಗೆ ಮುಂಚೆ ಬರುವ ಹುಡುಗಿಗೆ ಮುಂಗಡ ವೀಸಾ ಬೇಕಿರಲಿಲ್ಲ, ಹೆಂಡತಿಯಾದವಳಿಗೆ ಬೇಕಿತ್ತು, ಅದಕ್ಕೆ ದೊಡ್ಡ ಸರದಿಯೂ ಇತ್ತು. ಹಾಗಾಗಿ 'ಈಕೆಗೆ ಆಗಲೇ ಮದುವೆಯಾಗಿರಬಹುದು' ಎಂಬ ಗುಮಾನಿಗೆ ದೇಹವನ್ನೇ ಸಾಕ್ಷಿ ಕೇಳಿದರು. ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಸರ್ಕಾರ ಅದನ್ನು ನಿಲ್ಲಿಸಿತು. ಉಪಖಂಡದ ಬ್ರಿಟಿಷ್ ಕಚೇರಿಗಳಲ್ಲೂ ಹೀಗೆ ನಡೆದಿತ್ತು. ಕನಿಷ್ಠ 80 ಮಹಿಳೆಯರು ಇದಕ್ಕೆ ಒಳಗಾಗಿದ್ದರು ಎಂಬುದು 2011ರಲ್ಲಿ ಹಳೆಯ ಸರ್ಕಾರಿ ಕಡತಗಳಿಂದ ಬಯಲಾಯಿತು. ಆ ಹೆಂಗಸರಲ್ಲಿ ಯಾರೂ ಅಪರಾಧಿಗಳಾಗಿರಲಿಲ್ಲ.

1980ರ ನಿಯಮದಲ್ಲಿ ಉದ್ದೇಶ ಸರಿಯಿಲ್ಲ ಎನ್ನಲು ಅಧಿಕಾರಿಗೆ ಕಾರಣ ಬೇಕಿತ್ತು. 1983ರಲ್ಲಿ ಅದು ತಿರುವುಮುರುವಾಯಿತು: ಅಧಿಕಾರಿಗೆ ಮನವರಿಕೆ ಆಗದಿದ್ದರೆ ವೀಸಾ ಇಲ್ಲ. ಕಡತದಲ್ಲಿ ಒಂದೇ ವಾಕ್ಯದ ಬದಲಾವಣೆ, ಆದರೆ ರುಜುವಾತಿನ ಹೊರೆ ಪೂರ್ತಿ ಅರ್ಜಿದಾರನ ತಲೆಗೆ ಬಂತು. ಮನಸ್ಸಿನೊಳಗಿನ ಉದ್ದೇಶಕ್ಕೆ ಯಾವ ದಾಖಲೆ ಕೊಡುವುದು? ಹುಡುಗಿ ಭಾರತಕ್ಕೆ ಬಂದು ನೆಲೆಸುವುದಾದರೂ ಮದುವೆಯಾಗುತ್ತಿದ್ದಿರಾ ಎಂದು ಕೇಳುತ್ತಿದ್ದರು. ತಡವರಿಸಿದರೆ ಅದೇ ನಿರಾಕರಣೆಗೆ ಆಧಾರ. ಹಿರಿಯರು ನೋಡಿ ಮಾಡಿದ ಸಂಬಂಧಗಳಿಗೆ ಇನ್ನೊಂದು ಪೆಟ್ಟು ಬಿತ್ತು. ನಿಮ್ಮ ಪದ್ಧತಿಯಲ್ಲಿ ಹೆಣ್ಣು ಗಂಡನ ಮನೆಗೆ ಹೋಗಬೇಕಲ್ಲವೇ, ನೀವೇಕೆ ಹೆಂಡತಿಯ ಊರಿಗೆ ಹೊರಟಿರಿ ಎಂಬುದು ಅಧಿಕಾರಿಗಳ ತರ್ಕ. ನಮ್ಮಲ್ಲಿ ಮನೆಯಳಿಯನಾಗಿ ಹೋಗುವುದು ಎಷ್ಟು ಕಾಲದಿಂದ ನಡೆದುಬಂದಿದೆ ಎಂಬ ಅರಿವು ಆ ತರ್ಕದಲ್ಲಿ ಇರಲಿಲ್ಲ. ಓದು, ಕೆಲಸ, ಜಾತಕ, ಮನೆತನ ಎಲ್ಲವನ್ನೂ ತೂಗಿ ಸಂಬಂಧ ಕುದುರಿಸುವವರು ಹುಡುಗಿ ಇರುವ ದೇಶವನ್ನೂ ತೂಗುವುದು ಸಹಜ. ಅದರಿಂದ ಮದುವೆ ಸುಳ್ಳಾಗುವುದಿಲ್ಲ.

1985ರ ಮೇ ತಿಂಗಳಲ್ಲಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ, ಗಂಡಸಿಗೊಂದು ಹೆಂಗಸಿಗೊಂದು ನಿಯಮ ಮಾಡಿದ್ದು ಲಿಂಗ ತಾರತಮ್ಯ ಎಂದು ಬ್ರಿಟನ್ ವಿರುದ್ಧ ತೀರ್ಪು ಕೊಟ್ಟಿತು. ಸರ್ಕಾರ ತಾರತಮ್ಯ ತೆಗೆದದ್ದು ಗಂಡಂದಿರಿಗೆ ಬಾಗಿಲು ತೆರೆದಲ್ಲ, ಅದೇ ಪರೀಕ್ಷೆಯನ್ನು ಹೆಂಡತಿಯರಿಗೂ ಹೇರಿ. 1997ರ ಜೂನ್‌ನಲ್ಲಿ ಹೊಸ ಗೃಹ ಸಚಿವ ಜ್ಯಾಕ್ ಸ್ಟ್ರಾ ಈ ನಿಯಮವನ್ನು ರದ್ದು ಮಾಡಿದರು.

ಉದ್ದೇಶದ ಪ್ರಶ್ನೆ ಹೋಯಿತು, ಅದರ ಜಾಗಕ್ಕೆ ಕಾಲ ಮತ್ತು ಹಣದ ಪರೀಕ್ಷೆಗಳು ಒಂದೊಂದಾಗಿ ಬಂದವು. ಕಾಯಂ ವಾಸಕ್ಕೆ ಮುನ್ನ ಒಂದು ವರ್ಷವಿದ್ದ ಪ್ರೊಬೇಷನ್ (ಪರೀಕ್ಷಾ ಅವಧಿ) 2003ರಲ್ಲಿ ಎರಡು ವರ್ಷವಾಯಿತು, 2012ರ ಜುಲೈನಿಂದ ಐದು ವರ್ಷ. 2005ರಲ್ಲಿ ವಲಸಿಗರು ಮದುವೆಗೇ ಹೋಮ್ ಆಫೀಸಿನ (ಬ್ರಿಟನ್ನಿನ ಗೃಹ ಇಲಾಖೆಯ) ಅನುಮತಿ ಪತ್ರ ತರಬೇಕೆಂದಾಯಿತು; ಚರ್ಚ್ ಆಫ್ ಇಂಗ್ಲೆಂಡ್‌ನಲ್ಲಿ ಮದುವೆಯಾಗುವವರಿಗೆ ಮಾತ್ರ ವಿನಾಯಿತಿ. 2008ರಲ್ಲಿ, ಆಗ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಇದು ಸಲ್ಲದು ಎಂದಿತು, 2011ರಲ್ಲಿ ಪದ್ಧತಿ ಕೊನೆಯಾಯಿತು. 2015ರ ಮಾರ್ಚ್‌ನಿಂದ ಬ್ರಿಟನ್ನಿನೊಳಗೆ ಮದುವೆಯಾಗಲು 28 ದಿನ ಮೊದಲೇ ನೋಟಿಸ್ ಕೊಡಬೇಕು; ಅನುಮಾನ ಬಂದರೆ ಅದನ್ನು 70 ದಿನಕ್ಕೆ ಏರಿಸಿ ತನಿಖೆ ಮಾಡಬಹುದು.

ಸುಳ್ಳು ಮದುವೆ ಎಂದರೇನು ಎಂಬುದಕ್ಕೆ ಈಗ ಕಾನೂನಿನಲ್ಲೇ ಅರ್ಥವಿದೆ. ಇಬ್ಬರ ನಡುವೆ ನಿಜವಾದ ಸಂಬಂಧ ಇರಬಾರದು, ಜೊತೆಗೆ ವಲಸೆ ಕಾನೂನಿನಿಂದ ನುಣುಚಿಕೊಳ್ಳುವ ಉದ್ದೇಶವೂ ಇರಬೇಕು. ಎರಡೂ ಕೂಡಿದರೆ ಮಾತ್ರ ವಂಚನೆ. ಬ್ರಿಟನ್ನಿಗೆ ಹೋಗುವ ಆಸೆಯೊಂದೇ ತಪ್ಪಲ್ಲ. ಆದರೆ ಸ್ಪೌಸ್ ವೀಸಾ ಅರ್ಜಿಯಲ್ಲಿ ಸಂಬಂಧ ನಿಜವಾದದ್ದು, ಈಗಲೂ ನಡೆಯುತ್ತಿರುವುದು ಎಂದು ತೋರಿಸುವ ಹೊರೆ ಇಂದಿಗೂ ಅರ್ಜಿದಾರರ ಮೇಲೇ ಇದೆ.

ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಅರ್ಜಿ ಹಾಕುವವರು ಎಡವುವುದು ಹೆಚ್ಚಾಗಿ ಇಲ್ಲೇ. ಇಬ್ಬರೂ ಮುಖಾಮುಖಿ ಭೇಟಿಯಾಗಿರಲೇಬೇಕು, ವೀಡಿಯೊ ಕಾಲ್ ಅದಕ್ಕೆ ಸಾಟಿಯಲ್ಲ. ಪಾಸ್‌ಪೋರ್ಟಿನ ಮುದ್ರೆ, ಬೋರ್ಡಿಂಗ್ ಪಾಸ್, ಒಟ್ಟಿಗಿದ್ದ ದಿನಗಳ ಹೋಟೆಲ್ ರಸೀದಿ ಇಟ್ಟುಕೊಳ್ಳಿ. ನೂರಾರು ಪುಟ ವಾಟ್ಸ್ಯಾಪ್ ಮಾತುಕತೆ ಮುದ್ರಿಸಿ ಕೊಡುವುದರಿಂದ ಪ್ರಯೋಜನವಿಲ್ಲ. ಸಂಬಂಧ ಕೂಡಿಬಂದ ದಿನದಿಂದ ಅರ್ಜಿಯವರೆಗೆ ತಿಂಗಳಿಗೊಂದೆರಡು ಪುಟ, ದಿನಾಂಕ ಕಾಣುವಂತೆ ಇದ್ದರೆ ಸಾಕು. ಹಿರಿಯರು ಮಾಡಿಸಿದ ಮದುವೆಯಾದರೆ ಪರಿಚಯದ ಅವಧಿ ಚಿಕ್ಕದಿರುತ್ತದೆ. ಅದನ್ನು ಮುಚ್ಚಿ ಪ್ರೇಮಕಥೆ ಕಟ್ಟಲು ಹೋಗಬೇಡಿ. ಯಾರು ಸಂಬಂಧ ತಂದರು, ಯಾವಾಗ ನೋಡಲು ಬಂದರು, ನಿಶ್ಚಿತಾರ್ಥ ಎಂದು ಎಂಬುದನ್ನು ಇದ್ದಂತೆ ಬರೆಯಿರಿ, ಎರಡೂ ಮನೆಯವರು ಇರುವ ಫೋಟೋ ಲಗತ್ತಿಸಿ.

ಮದುವೆಯ ದಿನ ಒಂದು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ದಿನ ಇನ್ನೊಂದು. ಒಬ್ಬರು ಮೊದಲನೆಯದನ್ನೂ ಇನ್ನೊಬ್ಬರು ಎರಡನೆಯದನ್ನೂ ಬರೆದರೆ ಅನುಮಾನ ಅಲ್ಲೇ ಹುಟ್ಟುತ್ತದೆ. ಲಗ್ನಪತ್ರಿಕೆಯಲ್ಲಿರುವ ಇನಿಷಿಯಲ್ ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆದ ಹೆಸರಾಗಿರುತ್ತದೆ. ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಜೊತೆಗಿರಲಿ. ಹಿಂದೆ ಮದುವೆಯಾಗಿದ್ದರೆ ನೋಟರಿ ಮುಂದೆ ಬರೆಸಿಕೊಂಡ ವಿಚ್ಛೇದನ ಪತ್ರವನ್ನು ನಂಬಿ ಕೂರಬೇಡಿ, ಕೋರ್ಟಿನ ಡಿಕ್ರಿ ಬೇಕು. ಹಿಂದೂ ವಿವಾಹ ಕಾಯ್ದೆಯ ಪ್ರಕಾರ ಮೇಲ್ಮನವಿಗೆ 90 ದಿನವಿದೆ, ಅದು ಮುಗಿಯುವ ಮೊದಲೇ ಮರುಮದುವೆಯಾದರೆ ಪ್ರಶ್ನೆ ಏಳುತ್ತದೆ. ಹಳೆಯ ವಿಸಿಟರ್ ವೀಸಾ ಅರ್ಜಿಯಲ್ಲಿ ಏನು ಬರೆದಿದ್ದಿರಿ ಎಂಬುದನ್ನೂ ನೋಡಿಕೊಳ್ಳಿ, ಅದು ಹೋಮ್ ಆಫೀಸಿನ ಬಳಿ ಇದೆ. ಮೋಸ ಮಾಡಿದ್ದೀರಿ ಎಂದು ತೀರ್ಮಾನವಾದರೆ ಮುಂದಿನ ಅರ್ಜಿಗಳಿಗೆ 10 ವರ್ಷದವರೆಗೆ ಅಡ್ಡಿ.

ಹಣದ ಲೆಕ್ಕ ಬೇರೆಯೇ. 2024ರ ಏಪ್ರಿಲ್ 11ರಿಂದ ಹೊಸ ಅರ್ಜಿಗಳಿಗೆ ಕರೆಸಿಕೊಳ್ಳುವವರ ವಾರ್ಷಿಕ ಆದಾಯ 29,000 ಪೌಂಡ್ ಇರಬೇಕೆಂದಾಯಿತು. 2012ರಿಂದ ಅಲ್ಲಿಯವರೆಗೆ 18,600 ಇತ್ತು. ಒಂದೇ ಕಂಪನಿಯ ಸಂಬಳದ ಮೇಲೆ ಅರ್ಜಿ ಹಾಕುವಾಗ ಆರು ತಿಂಗಳ ಪೇಸ್ಲಿಪ್, ಅದೇ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಒಂದಕ್ಕೊಂದು ತಾಳೆಯಾಗಬೇಕು. ಆದಾಯವೇ ಇಲ್ಲದೆ ಉಳಿತಾಯದ ಮೇಲೆ ಹೋಗುವುದಾದರೆ 88,500 ಪೌಂಡ್ ಆರು ತಿಂಗಳು ಖಾತೆಯಲ್ಲಿ ನಿಂತಿರಬೇಕು. ಮದುವೆ ಎಷ್ಟೇ ನಿಜವಾಗಿದ್ದರೂ ಇದೊಂದರಲ್ಲಿ ತಪ್ಪಿದರೆ ಅರ್ಜಿ ಬಿದ್ದುಹೋಗಬಹುದು. ಇದು ಬಡವರ ಸಂಸಾರದ ಮೇಲಿನ ತೆರಿಗೆಯೆಂದೇ ನಾವು ನೋಡುತ್ತೇವೆ. ಭಾರತದಿಂದ ಹಾಕಿದ ಅರ್ಜಿ ನಿರಾಕರಣೆಯಾದರೆ ಟ್ರಿಬ್ಯೂನಲ್‌ಗೆ ಮೇಲ್ಮನವಿ ಸಲ್ಲಿಸಲು 28 ದಿನ ಇರುತ್ತದೆ.

ವೀಸಾ ಸಿಕ್ಕ ಮೇಲೂ ಅನುಮಾನದ ನೆರಳು ಬಿಡುವುದಿಲ್ಲ, ಅದು ಗಂಡನ ಕೈಗೆ ಅಸ್ತ್ರವಾಗುತ್ತದೆ. ಹೋಮ್ ಆಫೀಸಿಗೆ ಬರೆದು ಈ ಮದುವೆಯೇ ಸುಳ್ಳು ಎನ್ನುತ್ತೇನೆ ಎಂದು ಹೆದರಿಸಿ ಹೊಡೆತ ಬಡಿತ ಸಹಿಸುವಂತೆ ಮಾಡುವುದು ಹಳೆಯ ತಂತ್ರ. ಇದಕ್ಕೆ 1999ರಲ್ಲಿ ರಿಯಾಯಿತಿ ಬಂತು, 2002ರಲ್ಲಿ ನಿಯಮವಾಯಿತು: ಕೌಟುಂಬಿಕ ಹಿಂಸೆಯಿಂದ ಮದುವೆ ಮುರಿದರೆ ಸಂತ್ರಸ್ತರು ತಾವೇ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ರಜೆಗೆಂದು ಊರಿಗೆ ಕರೆತಂದು, ಪಾಸ್‌ಪೋರ್ಟ್ ಕಸಿದುಕೊಂಡು ಗಂಡ ಒಬ್ಬನೇ ವಾಪಸ್ ಹೋಗಿಬಿಟ್ಟರೆ ಈ ನಿಯಮದಿಂದ ಪ್ರಯೋಜನವಿರಲಿಲ್ಲ, ಅರ್ಜಿ ಬ್ರಿಟನ್ನಿನೊಳಗಿಂದಲೇ ಹಾಕಬೇಕಿತ್ತು. 2022ರಲ್ಲಿ ಇಂಗ್ಲೆಂಡಿನ ಹೈಕೋರ್ಟ್ ಇದು ಕಾನೂನುಬಾಹಿರ ಎಂದಿತು. 2024ರ ಜನವರಿ 31ರಿಂದ, ಹೀಗೆ ಕೈಬಿಟ್ಟು ಹೋದವರು ಭಾರತದಲ್ಲಿದ್ದುಕೊಂಡೇ ಅರ್ಜಿ ಸಲ್ಲಿಸಬಹುದು. ಆದ್ದರಿಂದ ಮಗಳನ್ನು ಕಳಿಸಿಕೊಡುವ ಮನೆಯವರು ಅವಳ ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿಯನ್ನು ತವರಿನಲ್ಲೂ ಇಟ್ಟುಕೊಳ್ಳಬೇಕು. ಈಗ ವೀಸಾ ಆನ್‌ಲೈನ್ ಖಾತೆಯಲ್ಲಿರುತ್ತದೆ; ಆ ಖಾತೆಗೆ ಕೊಡುವ ಇಮೇಲ್, ಮೊಬೈಲ್ ನಂಬರ್ ಗಂಡನದ್ದಾಗಿರದೆ ಅವಳದ್ದೇ ಆಗಿರಬೇಕು.