ಓದುಗರ ಪ್ರಶ್ನೆ: ಪಿಕಪ್ಪಿಗೆ ಅಗಲದ ಟೈರು ಹಾಕಿಸಿದರೆ ಮಳೆಗಾಲದ ಏರು ಹತ್ತುತ್ತದೆಯೇ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು. ತೋಟಕ್ಕೂ ಪೇಟೆಗೂ ಆಗಲಿ ಎಂದು ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ) ಪಿಕಪ್ ತೆಗೆದುಕೊಂಡಿದ್ದೇವೆ. ಟಾರು ರಸ್ತೆಯಿಂದ ಮನೆಗೆ ಎರಡು ಕಿಲೋಮೀಟರ್ ಮಣ್ಣುರಸ್ತೆ, ನಡುವೆ ಒಂದು ಏರು. ಜುಲೈ ಬಂತೆಂದರೆ ಅಲ್ಲಿ ಗಾಡಿಯ ಚಕ್ರ ನಿಂತಲ್ಲೇ ತಿರುಗುತ್ತದೆ. ಅಗಲದ ಟೈರು, ಅದಕ್ಕೆ ತಕ್ಕ ಅಲಾಯ್ ರಿಮ್ ಹಾಕಿಸಿದರೆ ಹಿಡಿತ ಜಾಸ್ತಿಯಾಗುತ್ತದೆ ಎನ್ನುತ್ತಾರೆ. ಎಷ್ಟು ಅಗಲದವರೆಗೆ ಹೋಗಬಹುದು?

ಉತ್ತರ: ಹೋಗಬೇಡಿ. ಕಂಪನಿ ಕೊಟ್ಟ ಅಗಲವೇ ಸಾಕು.

ಈ ಪ್ರಶ್ನೆ ಪ್ರತಿ ವರ್ಷ ಮೇ ಕೊನೆಗೆ ಬರುತ್ತದೆ. ತೀರ್ಥಹಳ್ಳಿಯಿಂದ, ಸಾಗರದಿಂದ, ಬಿದನೂರು ನಗರದ ಕಡೆಯಿಂದ. ಗಾಡಿ ಬೇರೆ ಬೇರೆ, ಪ್ರಶ್ನೆ ಒಂದೇ. ಪ್ರತಿ ಸಲ ನಾಲ್ಕು ಸಾಲಿನಲ್ಲಿ ಬೇಡ ಎಂದು ಬರೆದಿದ್ದೇನೆ. ಆದರೂ ಮಳೆ ಹಿಡಿಯುವಷ್ಟರಲ್ಲಿ ಮಡ್‌ಗಾರ್ಡಿನಿಂದ ಹೊರಗೆ ಚಾಚಿದ ಟೈರಿನ ಗಾಡಿಗಳು ಪೇಟೆಯಲ್ಲಿ ಹೆಚ್ಚುತ್ತವೆ. ಹಾಗಾಗಿ ಈ ಸಲ ಕಾರಣವನ್ನೂ ಪೂರ್ತಿ ಬರೆಯುತ್ತೇನೆ.

ಚಿಕ್ಕಂದಿನಲ್ಲಿ ಅಡಿಕೆ ಹಾಳೆಯ ಮೇಲೆ ಕೂತು ಒಬ್ಬರನ್ನೊಬ್ಬರು ಎಳೆದಾಡಿದ್ದು ನೆನಪಿದೆಯೇ? ಅಂಗಳ ಒದ್ದೆಯಾಗಿದ್ದರೆ ಹಾಳೆ ನಿಲ್ಲುತ್ತಲೇ ಇರಲಿಲ್ಲ. ಅಡಿಯಲ್ಲಿ ಸಿಕ್ಕಿಕೊಂಡ ನೀರು, ಮಣ್ಣಿನ ರಾಡಿ ಪಕ್ಕಕ್ಕೆ ಹೋಗಲು ದಾರಿಯಿಲ್ಲದೆ ಅಲ್ಲೇ ಉಳಿಯುತ್ತಿತ್ತು, ಅದರ ಮೇಲೆ ನಾವು ತೇಲುತ್ತಿದ್ದೆವು. ಅದೇ ಅಂಗಳದಲ್ಲಿ ನಮ್ಮ ಹಿರಿಯರು ನಡೆಯುತ್ತಿದ್ದದ್ದು ಹೆಬ್ಬೆರಳು ಊರಿಕೊಂಡು. ಬೆರಳು ರಾಡಿಯನ್ನು ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟುತ್ತಿತ್ತು. ಅಗಲದ ಟೈರು ಹಾಳೆಯ ಹಾಗೆ, ಕಿರಿದಾದ ಟೈರು ಹೆಬ್ಬೆರಳಿನ ಹಾಗೆ.

ನಮ್ಮ ಮಣ್ಣುರಸ್ತೆಯ ಗುಣ ಗಮನಿಸಿ. ಹೆಚ್ಚಿನ ಕಡೆ ಮೇಲೆ ಮೂರ್ನಾಲ್ಕು ಇಂಚು ಕೆಂಪು ರಾಡಿ, ಕೆಳಗೆ ಜಂಬಿಟ್ಟಿಗೆ ಅಥವಾ ಅದರ ಜಲ್ಲಿ. ಹಿಡಿತ ಇರುವುದು ಆ ಕೆಳಗಿನ ಪದರದಲ್ಲಿ. ಕಿರಿದಾದ ಟೈರಿನ ಮುಂಭಾಗ ರಾಡಿಯನ್ನು ಎರಡೂ ಪಕ್ಕಕ್ಕೆ ತಳ್ಳುತ್ತದೆ, ಹಿಂದಿನಿಂದ ಬರುವ ಭಾಗಕ್ಕೆ ಚೊಕ್ಕ ನೆಲ ಸಿಗುತ್ತದೆ. ಅಗಲದ ಟೈರು ಅಷ್ಟೇ ಭಾರಕ್ಕೆ ಹೆಚ್ಚು ರಾಡಿಯನ್ನು ಎದುರಿಗೆ ನೂಕಬೇಕು, ನಡುಮಧ್ಯದ ರಾಡಿ ಪಕ್ಕಕ್ಕೆ ಹೋಗಲು ಹೆಚ್ಚು ದೂರ. ಹಳೆಯ ವಿಲ್ಲಿಸ್ ಜೀಪಿನ ಟೈರಿನ ಅಳತೆ 6.00-16. ಅಂದರೆ ಅಗಲ ಸುಮಾರು ಆರು ಇಂಚು. ಆ ಜೀಪುಗಳು ನಮ್ಮ ಗುಡ್ಡಗಳನ್ನು ಹೇಗೆ ಹತ್ತುತ್ತಿದ್ದವು ಎಂದು ಮನೆಯ ಹಿರಿಯರನ್ನು ಕೇಳಿ.

‘ಹಾಗಾದರೆ ಟ್ರ್ಯಾಕ್ಟರಿನ ಹಿಂದಿನ ಟೈರು ಅಷ್ಟು ಅಗಲ ಯಾಕೆ?’ ಎಂದು ಕೇಳುವವರಿದ್ದಾರೆ. ಸರಿಯಾದ ಪ್ರಶ್ನೆ. ಗದ್ದೆಯಲ್ಲಿ ಮೆತ್ತನೆಯ ಕೆಸರು ಆಳಕ್ಕಿದೆ, ಅಲ್ಲಿ ಮುಳುಗದೆ ನಿಲ್ಲುವುದೇ ಮೊದಲ ಕೆಲಸ. ಅದಕ್ಕೇ ಕಬ್ಬಿಣದ ಪಂಜರದಂಥ ಕೇಜ್ ವೀಲ್ ಕೂಡ ಕಟ್ಟುತ್ತಾರೆ. ಟ್ರ್ಯಾಕ್ಟರ್ ಟೈರಿನ ಬಟನ್ (ಮೇಲ್ಮೈಯ ಉಬ್ಬು) ಎಷ್ಟು ಎತ್ತರ, ಗಾಳಿ ಎಷ್ಟು ಕಮ್ಮಿ, ನಡಿಗೆ ಎಷ್ಟು ನಿಧಾನ ನೋಡಿ. ಮರವಂತೆಯ ಮರಳಿನಲ್ಲೂ ಅಗಲದ ಟೈರಿಗೆ ಅರ್ಥವಿದೆ, ಮರಳಿನ ಅಡಿಯಲ್ಲಿ ಹುಡುಕಿ ಹೋಗುವ ಗಟ್ಟಿ ನೆಲ ಇಲ್ಲ. ನಿಮ್ಮ ಮನೆಯ ಏರು ಗದ್ದೆಯೂ ಅಲ್ಲ, ಸಮುದ್ರದ ದಂಡೆಯೂ ಅಲ್ಲ.

ಇನ್ನು ‘ಅಗಲ ಜಾಸ್ತಿಯಾದರೆ ನೆಲಕ್ಕೆ ತಾಗುವ ಜಾಗ ಜಾಸ್ತಿ’ ಎಂಬ ಮಾತು. ಈ ನಂಬಿಕೆಯೇ ಎಲ್ಲದರ ಬೇರು. ಟೈರು ನೆಲಕ್ಕೆ ಎಷ್ಟು ತಾಗುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಮೇಲಿನ ಭಾರ ಮತ್ತು ಒಳಗಿನ ಗಾಳಿ. ಒಂದು ಚಕ್ರದ ಮೇಲೆ 500 ಕೆಜಿ ಭಾರ, ಒಳಗೆ 35 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಇದ್ದರೆ ತಾಗುವ ಜಾಗ ಸುಮಾರು 200 ಚದರ ಸೆಂಟಿಮೀಟರ್. ಅಗಲದ ಟೈರಿಗೂ ಅಷ್ಟೇ ಗಾಳಿ ಹಾಕಿದರೆ ಜಾಗ ಹೆಚ್ಚುಕಮ್ಮಿ ಅಷ್ಟೇ. ಆಕಾರ ಮಾತ್ರ ಅಡ್ಡಕ್ಕೆ ಬೆಳೆದು ಉದ್ದಕ್ಕೆ ಕುಗ್ಗುತ್ತದೆ. ಗಾಳಿಯನ್ನು 18ಕ್ಕೆ ಇಳಿಸಿ ನೋಡಿ, ಜಾಗ ಸುಮಾರು 400 ಆಗುತ್ತದೆ, ಅದೂ ಮುಖ್ಯವಾಗಿ ಉದ್ದಕ್ಕೆ. ಏರು ಹತ್ತುವಾಗ ನಮಗೆ ಬೇಕಾದದ್ದೇ ಉದ್ದ. ಒಂದರ ಹಿಂದೊಂದು ಹೆಚ್ಚು ಬಟನ್ ನೆಲ ಹಿಡಿಯುತ್ತವೆ, ಟೈರು ಕಲ್ಲಿನ ಮೇಲೆ ಪುಟಿಯದೆ ಅದನ್ನು ಅಪ್ಪಿಕೊಂಡು ಹೋಗುತ್ತದೆ.

ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಅಲ್ಲಿದೆ. ಗಾಡಿ ಖಾಲಿ ಇದ್ದಾಗ ಏರಿನ ಬುಡದಲ್ಲಿ ನಿಲ್ಲಿಸಿ ಗಾಳಿಯನ್ನು 20ರ ಆಸುಪಾಸಿಗೆ ಇಳಿಸಿ, ನಿಧಾನ ಹತ್ತಿ, ಟಾರು ರಸ್ತೆಗೆ ಹೋಗುವ ಮುಂಚೆ ಮತ್ತೆ ತುಂಬಿಸಿ. ಬ್ಯಾಟರಿಗೆ ಸಿಕ್ಕಿಸುವ 12 ವೋಲ್ಟಿನ ಸಣ್ಣ ಕಂಪ್ರೆಸರ್ ಒಂದು ಗಾಡಿಯಲ್ಲಿರಲಿ. 15ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳುವ ಭಯವಿದೆ. ಗೊಬ್ಬರವೋ ಅಡಿಕೆ ಮೂಟೆಯೋ ಹೇರಿದ್ದರೆ ಗಾಳಿ ಇಳಿಸಲೇಬೇಡಿ. ಮಡಚಿದ ಟೈರಿನ ಪಕ್ಕೆಯನ್ನು ಜಂಬಿಟ್ಟಿಗೆಯ ಚೂಪು ಸೀಳಿಹಾಕುತ್ತದೆ.

ಅಗಲದ ಟೈರು ಟಾರು ರಸ್ತೆಯಲ್ಲೂ ತೊಂದರೆಯೇ. ನೀರು ನಿಂತ ರಸ್ತೆಯಲ್ಲಿ ಅದು ಬೇಗ ತೇಲುತ್ತದೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಮಳೆಯಲ್ಲಿ ಇಳಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 245/70 ಆರ್16 (ಅಗಲ 245 ಮಿ.ಮೀ., ಪಕ್ಕೆಯ ಎತ್ತರ ಅದರ ಶೇಕಡಾ 70, ರಿಮ್ 16 ಇಂಚು) ಇದ್ದ ಗಾಡಿಗೆ 265/75 ಆರ್16 ಹಾಕಿಸಿದರೆ ಚಕ್ರದ ಎತ್ತರ 749 ಮಿ.ಮೀ.ನಿಂದ 804ಕ್ಕೆ ಏರುತ್ತದೆ. ಮೀಟರು 60 ತೋರಿಸುವಾಗ ನೀವು 64ರಲ್ಲಿರುತ್ತೀರಿ. ಎಂಜಿನ್ನಿಗೆ ಏರು ಇನ್ನಷ್ಟು ಭಾರ. ರಿಮ್ ಹೊರಗೆ ಚಾಚಿದಷ್ಟೂ ವೀಲ್ ಬೇರಿಂಗ್ ಬೇಗ ಹೋಗುತ್ತದೆ. ಕಂಪನಿಯ ಅಳತೆ ಮೀರಿ ಗಾಡಿ ಬದಲಾಯಿಸುವುದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ತಕರಾರಿಗೂ ದಾರಿ ಮಾಡಿಕೊಡಬಹುದು.

ಹಾಗಾದರೆ ಏನು ಹಾಕಿಸಬೇಕು? ನಿಮ್ಮ ಗಾಡಿಯ ಬ್ರೇಕಿಗೆ 16 ಇಂಚಿನ ರಿಮ್ ಕೂರುವುದಾದರೆ ಅದನ್ನೇ ಇಟ್ಟುಕೊಳ್ಳಿ. 245/70 ಆರ್16 ಟೈರಿನ ಪಕ್ಕೆಯ ಎತ್ತರ 171 ಮಿ.ಮೀ., 255/60 ಆರ್18ಕ್ಕೆ 153. ಗುಂಡಿಗೆ ಬಿದ್ದಾಗ ರಿಮ್ ಉಳಿಸುವುದು ಆ ಪಕ್ಕೆಯೇ. ಟೈರು ಆಲ್ ಟೆರೇನ್ (ಟಾರು, ಮಣ್ಣು ಎರಡಕ್ಕೂ ಆಗುವಂಥದ್ದು) ಇರಲಿ. ಕೆಸರಿಗೆಂದೇ ಮಾಡಿದ ಮಡ್ ಟೆರೇನಿನ ದೊಡ್ಡ ಬಟನ್ ರಾಡಿಯನ್ನು ಚೆನ್ನಾಗಿ ಉಗುಳುತ್ತದೆ, ನಿಜ. ಆದರೆ ಒದ್ದೆ ಟಾರಿನಲ್ಲಿ ಅದಕ್ಕೆ ಬ್ರೇಕ್ ಹಿಡಿತ ಕಮ್ಮಿ, ನಿಮ್ಮ ಓಡಾಟದಲ್ಲಿ ಮಣ್ಣು ಎರಡೇ ಕಿಲೋಮೀಟರ್. ಟೈರಿನ ಮೇಲಿನ ಭಾರದ ಅಂಕಿ ಕಂಪನಿ ಹೇಳಿದ್ದಕ್ಕಿಂತ ಕಮ್ಮಿ ಇರಬಾರದು; 111 ಎಂದರೆ ಒಂದು ಟೈರು 1,090 ಕೆಜಿ ಹೊರುತ್ತದೆ, 104 ಎಂದರೆ 900. ಸ್ಟೆಪ್ನಿ ಸೇರಿ ಐದೂ ಒಂದೇ ಅಳತೆ ಇರಲಿ, ಫೋರ್ ವೀಲ್ ಗಾಡಿಗೆ ಇದು ಕಡ್ಡಾಯ.

ಅಲಾಯ್ ಬಗ್ಗೆ ನನ್ನ ಅಭಿಪ್ರಾಯ ಸರಳ. ಕಬ್ಬಿಣದ ರಿಮ್ ಬಗ್ಗಿದರೆ ಊರಿನಲ್ಲೇ ಬಡಿದು ನೇರ ಮಾಡಿ ಮನೆ ಸೇರಬಹುದು. ಅಲಾಯ್ ಬಿರುಕು ಬಿಟ್ಟರೆ ವೆಲ್ಡಿಂಗ್ ಮಾಡಿಸಿ ಓಡಿಸುವ ಧೈರ್ಯ ಮಾಡಬೇಡಿ.

ನೋಡಿಕೊಳ್ಳುವ ವಿಷಯದಲ್ಲಿ ಒಂದೇ ಅನುಭವ ಹೇಳುತ್ತೇನೆ. ಒಂದು ಮಳೆಗಾಲದಲ್ಲಿ ನನ್ನ ಗಾಡಿಯ ಸ್ಟೇರಿಂಗ್ 60 ದಾಟಿದರೆ ಗಡಗಡ ನಡುಗುತ್ತಿತ್ತು. ಎರಡು ಸಲ ಅಲೈನ್‌ಮೆಂಟ್ ಮಾಡಿಸಿ ದುಡ್ಡು ಕೊಟ್ಟು ಬಂದೆ. ಆಮೇಲೆ ಮನೆಯಲ್ಲಿ ಚಕ್ರ ಬಿಚ್ಚಿ ನೋಡಿದರೆ ರಿಮ್ಮಿನ ಒಳಗಡೆ ಒಂದು ಬೊಗಸೆ ಕೆಂಪು ಮಣ್ಣು ಒಣಗಿ ಇಟ್ಟಿಗೆಯಾಗಿ ಕೂತಿತ್ತು. ತೊಳೆದೆ, ನಡುಕ ಹೋಯಿತು. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಚಕ್ರದ ಒಳಮೈಗೆ ಪೈಪು ಹಿಡಿಯಿರಿ. ಚಕ್ರ ಬಿಚ್ಚಿ ಹಾಕಿದಾಗ ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ನೂರು ಕಿಲೋಮೀಟರಿನ ಒಳಗೆ ಇನ್ನೊಮ್ಮೆ ಪಾನಾ ಹಾಕಿ ನೋಡಿ. ಕಾನೂನು ಬಟನ್ 1.6 ಮಿ.ಮೀ. ಇದ್ದರೆ ಸಾಕು ಎನ್ನುತ್ತದೆ. ನಮ್ಮ ರಾಡಿಗೆ ಅದು ಸಾಲದು, ನಾನು ನಾಲ್ಕಕ್ಕೇ ಬದಲಾಯಿಸುತ್ತೇನೆ.

ನೀವು ಟೈರಿಗೆ ಸುತ್ತಿ ಕಟ್ಟುವ ಚೈನಿನ ಬಗ್ಗೆ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಗಾಳಿ ಇಳಿಸಿದ ಮೇಲೂ ಏರು ಹತ್ತದಿದ್ದರೆ ಟೈರು ಬದಲಾಯಿಸುವ ಹಣದಲ್ಲಿ ಸಣ್ಣದೊಂದು ಭಾಗಕ್ಕೆ ಚೈನು ಸಿಗುತ್ತದೆ. ಒಂದೇ ಜೊತೆ ಇದ್ದರೆ ಹತ್ತುವಾಗ ಹಿಂದಿನ ಎರಡಕ್ಕೂ ಕಟ್ಟಿ, ಭಾರ ಹಿಂದಕ್ಕೆ ವಾಲುತ್ತದೆ. ಬರಿಯ ಇಳಿಜಾರಾದರೆ ಮುಂದಿನ ಎರಡಕ್ಕೆ. ಒಂದು ಪಕ್ಕಕ್ಕೆ ಮಾತ್ರ ಕಟ್ಟಬೇಡಿ. ಗಾಳಿ ಇಳಿಸುವುದಿದ್ದರೆ ಮೊದಲು ಇಳಿಸಿ, ಆಮೇಲೆ ಚೈನು. ನೂರು ಮೀಟರ್ ಹೋಗಿ ಇಳಿದು ಇನ್ನೊಮ್ಮೆ ಬಿಗಿ ಮಾಡಿ, ಉಳಿದ ತುದಿಯನ್ನು ತಂತಿಯಿಂದ ಕಟ್ಟಿಬಿಡಿ. ಸಡಿಲ ತುದಿ ಬಡಿದು ಒಳಗಡೆಯ ಬ್ರೇಕ್ ಎಣ್ಣೆಯ ಹೋಸು ಹರಿದರೆ ಮುಂದಿನ ಇಳಿಜಾರಿನಲ್ಲಿ ಪೆಡಲು ಒತ್ತಿದರೂ ಗಾಡಿ ಸರಿಯಾಗಿ ನಿಲ್ಲುವುದಿಲ್ಲ.